ಮೆಟ್ಟಿಲ ಕೆಳಗಿನ ಬ್ಯಾಟರಿ

ನಮ್ಮ ಕಟ್ಟಡದ ನಿವಾಸಿಗಳ ಸಂಘ ತಿಂಗಳಿಗೊಮ್ಮೆ ಸಭೆ ಸೇರುತ್ತದೆ. ನೀರಿನ ಟ್ಯಾಂಕು, ಲಿಫ್ಟಿನ ರಿಪೇರಿ, ಮೇಲಿನ ಮನೆಯವರು ಹಿಂಡದೆ ಹರವಿದ ಬಟ್ಟೆಯಿಂದ ಕೆಳಗಿನ ಮನೆಯವರ ಹಪ್ಪಳದ ಮೇಲೆ ತೊಟ್ಟಿಕ್ಕಿದ ನೀರು, ಇಂಥ ವಿಷಯಗಳಲ್ಲೇ ಅದರ ಹೊತ್ತು ಕಳೆಯುತ್ತದೆ. ತತ್ತ್ವವಿಚಾರಕ್ಕೆ ಅಲ್ಲಿ ಎಡೆಯಿಲ್ಲ. ಆದರೆ ಕಳೆದ ತಿಂಗಳ ಸಭೆಯಲ್ಲಿ ನಾನು ನನಗೆ ಅರಿವಿಲ್ಲದೆಯೇ ನೀತಿಯ ಪ್ರಶ್ನೆಯೊಂದಕ್ಕೆ ಕೈಯೆತ್ತಿ ಉತ್ತರ ಕೊಟ್ಟು ಬಂದೆ. ಆ ಉತ್ತರ ಸರಿಯೇ ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಸಂಗತಿ ಇಷ್ಟು. ನಮ್ಮ ಕಟ್ಟಡದ ಕಾವಲುಗಾರನ ಮಗ, ಇಪ್ಪತ್ತೆರಡರ ಹುಡುಗ, ಹೋಟೆಲುಗಳಿಂದ ಊಟ ತಿಂಡಿಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಮಾಡುತ್ತಾನೆ. ಅದಕ್ಕಾಗಿ ಅವನು ಯಾರೋ ಬಳಸಿ ಬಿಟ್ಟ ವಿದ್ಯುತ್ ಸ್ಕೂಟರೊಂದನ್ನು ಕೊಂಡಿದ್ದಾನೆ. ಅದರ ಜೊತೆಗೆ ಬಂದ ಬ್ಯಾಟರಿ ವರ್ಷದ ಹಿಂದೆ ಕೈಕೊಟ್ಟಿತು. ಕಂಪನಿಯ ಹೊಸ ಬ್ಯಾಟರಿಯ ಬೆಲೆ ಕೇಳಿ ಬೆಚ್ಚಿದ ಹುಡುಗ, ಒಂದು ಸಣ್ಣ ಅಂಗಡಿಯಲ್ಲಿ ಅರ್ಧ ಬೆಲೆಗೆ ಜೋಡಿಸಿಕೊಟ್ಟದ್ದನ್ನು ಹಾಕಿಸಿಕೊಂಡ. ಅದರ ಮೇಲೆ ಯಾವ ಮುದ್ರೆಯೂ ಇಲ್ಲ. ನೀಲಿ ಪ್ಲಾಸ್ಟಿಕ್ಕಿನ ಹೊದಿಕೆ, ಎರಡು ತಂತಿ, ಅಷ್ಟೆ. ರಾತ್ರಿ ಹನ್ನೊಂದಕ್ಕೆ ಬಂದು, ಅದನ್ನು ಗಾಡಿಯಿಂದ ಕಳಚಿ, ಅಪ್ಪ ಅಮ್ಮನ ಜೊತೆ ತಾನಿರುವ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಮಲಗುತ್ತಾನೆ. ಬೆಂಕಿಯ ಹೊತ್ತಿನಲ್ಲಿ ಲಿಫ್ಟು ಹತ್ತುವಂತಿಲ್ಲ. ಆಗ ನಾಲ್ಕು ಮಹಡಿಯ ಹದಿನಾರು ಸಂಸಾರಗಳಿಗೂ ಆ ಮೆಟ್ಟಿಲೊಂದೇ ದಾರಿ.

ಸಭೆಯಲ್ಲಿ ಮಾತೆತ್ತಿದವರು ಎರಡನೆಯ ಮಹಡಿಯ ನಿವೃತ್ತ ಇಂಜಿನಿಯರರು. “ಅದಕ್ಕೆ ಏನಾದರೂ ಹತ್ತಿಕೊಂಡರೆ ನಾವೆಲ್ಲ ಇಳಿಯೋದು ಹೇಗ್ರೀ?” ಎಂದರು. “ಪಾಪ, ಅವನ ಹೊಟ್ಟೆಪಾಡು” ಎಂದರು ಒಬ್ಬ ತಾಯಿ. “ಹೊಟ್ಟೆಪಾಡು ಅವನದು, ಸರಿ. ಮೇಲೆ ಮಲಗಿರೋ ಮಕ್ಕಳು ನಮ್ಮವು” ಎಂದರು ಇನ್ನೊಬ್ಬರು. ಮತಕ್ಕೆ ಹಾಕಿದರು. ಕಟ್ಟಡದ ಒಳಗೆ ಎಲ್ಲಿಯೂ ಕಳಚಿದ ಬ್ಯಾಟರಿಗಳನ್ನು ಚಾರ್ಜಿಗೆ ಇಡಕೂಡದೆಂದು ತೀರ್ಮಾನವಾಯಿತು. ನಾನೂ ಕೈಯೆತ್ತಿದೆ. ಅದರ ಮುಂದಿನ ವಿಷಯ, ಮೂವರು ನಿವಾಸಿಗಳ ಹೊಸ ವಿದ್ಯುತ್ ಕಾರುಗಳಿಗಾಗಿ ನೆಲಮಾಳಿಗೆಯಲ್ಲಿ ಚಾರ್ಜಿಂಗ್ ವ್ಯವಸ್ಥೆ. ಅದಕ್ಕೆ ಒಪ್ಪಿಗೆ ಸಿಕ್ಕಿತು. ಎರಡು ನಿರ್ಣಯಗಳೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಲ್ಪಟ್ಟವು. ಅವುಗಳಿಗೆ ಸಂಬಂಧವುಂಟೆಂದು ಯಾರಿಗೂ ತೋರಲಿಲ್ಲ, ನನಗೂ ತೋರಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದಾಗ ಹುಡುಗ ಸಿಕ್ಕಿದ. “ಸಾರ್, ನೀವೂ ಕೈ ಎತ್ತಿದ್ರಂತೆ” ಎಂದ. ಕೋಪವೇನೂ ಇರಲಿಲ್ಲ. “ತಪ್ಪೇನಿಲ್ಲ ಬಿಡಿ ಸಾರ್. ಆದ್ರೆ ಇನ್ನೆಲ್ಲಿ ಹಾಕ್ಲಿ, ನೀವೇ ಹೇಳಿ.” ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲು ಕೇಳತಕ್ಕದ್ದು, ನಮ್ಮ ಭಯಕ್ಕೆ ಆಧಾರವುಂಟೇ ಎಂಬುದನ್ನು. ಭಯದಿಂದ ಹುಟ್ಟಿದ ನಿಯಮಗಳೆಲ್ಲ ಕೆಟ್ಟವಲ್ಲ. ಸುಳ್ಳು ಭಯದಿಂದ ಹುಟ್ಟಿದ ನಿಯಮ ಮಾತ್ರ ಅನ್ಯಾಯಕ್ಕೆ ದಾರಿಯಾಗುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು ೧೯೯೧ರಲ್ಲಿ, ಜಪಾನಿನಲ್ಲಿ. ಅದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಅದು ಯೋಗ್ಯರಿಗೆ ಸಂದ ಗೌರವ. ನಮ್ಮ ಜೇಬಿನ ದೂರವಾಣಿಯಿಂದ ಹಿಡಿದು ಬಸ್ಸಿನವರೆಗೆ ಇಂದು ನಡೆಯುವುದು ಆ ಕೋಶಗಳ ಬಲದಿಂದಲೇ. ಆದರೆ ಸಣ್ಣ ಜಾಗದಲ್ಲಿ ಬಹಳ ಶಕ್ತಿಯನ್ನು ಕೂಡಿಡುವುದೆಂದರೆ, ಅದು ಒಮ್ಮೆಲೇ ಹೊರಬೀಳಬಹುದಾದ ಸಾಧ್ಯತೆಯನ್ನೂ ಕೂಡಿಟ್ಟಂತೆಯೇ.

ಸ್ಕೂಟರಿನ ಬ್ಯಾಟರಿ ಒಂದೇ ವಸ್ತುವಲ್ಲ. ಬಹುಮಟ್ಟಿಗೆ ಬೆರಳುಗಾತ್ರದ ಹತ್ತಾರು ನೂರಾರು ಕೋಶಗಳನ್ನು ಜೋಡಿಸಿ ಕಟ್ಟಿದ ಗಂಟು ಅದು. ಪ್ರತಿಯೊಂದು ಕೋಶದಲ್ಲಿಯೂ ಎರಡು ಧ್ರುವಗಳು. ಅವುಗಳ ನಡುವೆ ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಪೊರೆ. ಸುತ್ತ ಬೆಂಕಿ ಹತ್ತಬಲ್ಲ ದ್ರವ. ಹೊಂದದ ಚಾರ್ಜರಿನಿಂದ ಅತಿಯಾಗಿ ತುಂಬಿಸಿದರೆ, ಪೆಟ್ಟು ಬಿದ್ದು ನೆಗ್ಗಿದರೆ, ತಯಾರಿಕೆಯಲ್ಲಿ ಲೋಹದ ಒಂದು ಕಣ ಒಳಸೇರಿದರೆ, ಎರಡು ಧ್ರುವಗಳೂ ಒಂದನ್ನೊಂದು ಮುಟ್ಟಿ ಕೋಶ ಕಾಯತೊಡಗುತ್ತದೆ. ಸುಮಾರು ೧೩೦ ಡಿಗ್ರಿ ಸೆಲ್ಷಿಯಸ್ಸಿನಲ್ಲಿ ಪೊರೆಯೇ ಕರಗುತ್ತದೆ. ಅಲ್ಲಿಂದ ಮುಂದೆ ಕಾವು ಕಾವನ್ನು ಹೆಚ್ಚಿಸುತ್ತ ಹೋಗುತ್ತದೆ. ಒಂದು ಕೋಶದ ಉರಿ ಪಕ್ಕದ ಕೋಶವನ್ನು ಹಿಡಿಯುತ್ತದೆ. ಕೆಲವು ಬಗೆಯ ಕೋಶಗಳಲ್ಲಿ ಧ್ರುವದ ವಸ್ತುವೇ ಕಾದಾಗ ಆಮ್ಲಜನಕವನ್ನು ಬಿಡುವುದರಿಂದ, ಮೇಲೆ ಕಂಬಳಿ ಹೊದಿಸಿದರೆ ಆರುವ ಬೆಂಕಿಯಲ್ಲ ಇದು. ಬೆಂಕಿಗಿಂತ ಮೊದಲೇ ವಿಷದ ಹೊಗೆ ಕೋಣೆಯನ್ನು ತುಂಬಬಹುದು. ಕಬ್ಬಿಣ ಮತ್ತು ಫಾಸ್ಫೇಟು ಸೇರಿದ ಬಗೆಯ ಕೋಶಗಳು ಹೆಚ್ಚು ಕಾವನ್ನು ತಾಳಿಕೊಳ್ಳುತ್ತವೆ. ಆದರೂ ಪೂರ್ಣ ನಿರಪಾಯವೆನ್ನುವಂತಿಲ್ಲ.

೨೦೨೨ರ ಬೇಸಗೆಯಲ್ಲಿ ಇದು ನಮ್ಮ ನೆರೆಹೊರೆಯ ಊರುಗಳಲ್ಲಿಯೇ ಕಂಡಿತು. ಮಾರ್ಚಿಯಲ್ಲಿ ವೆಲ್ಲೂರಿನ ಮನೆಯೊಂದರಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಹೊಸ ಸ್ಕೂಟರು ಹೊತ್ತಿಕೊಂಡಿತು. ಹೊಗೆಯಲ್ಲಿ ಉಸಿರುಕಟ್ಟಿ ತಂದೆಯೂ ಮಗಳೂ ಸತ್ತರು. ಏಪ್ರಿಲಿನಲ್ಲಿ ನಿಜಾಮಾಬಾದಿನಲ್ಲಿ ಒಬ್ಬ ವೃದ್ಧರು, ವಿಜಯವಾಡದಲ್ಲಿ ಒಬ್ಬ ಗೃಹಸ್ಥರು, ಮನೆಯೊಳಗೆ ಚಾರ್ಜಿಗಿಟ್ಟಿದ್ದ ಬ್ಯಾಟರಿ ಸಿಡಿದು ತೀರಿಕೊಂಡರು. ಪೆಟ್ರೋಲ್ ಗಾಡಿಗಳಿಗೂ ಬೆಂಕಿ ಹತ್ತುತ್ತದಲ್ಲ ಎಂದು ಕೇಳುವವರುಂಟು. ಹೌದು, ಹತ್ತುತ್ತದೆ. ಆದರೆ ಪೆಟ್ರೋಲ್ ಟ್ಯಾಂಕನ್ನು ಕಳಚಿ ತಂದು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ಮಲಗುವ ರೂಢಿ ಎಲ್ಲಿಯೂ ಇಲ್ಲ. ಆದುದರಿಂದ ನಮ್ಮ ಇಂಜಿನಿಯರರ ಭಯ ಸುಳ್ಳಲ್ಲ.

ಸರ್ಕಾರವೂ ಸುಮ್ಮನೆ ಕೂಡಲಿಲ್ಲ. ಆ ವರ್ಷ ಮೂವರು ತಯಾರಕರು ಒಟ್ಟು ಆರು ಸಾವಿರಕ್ಕೂ ಹೆಚ್ಚು ಗಾಡಿಗಳನ್ನು ತಪಾಸಣೆಗೆ ಹಿಂದಕ್ಕೆ ಕರೆಸಿಕೊಂಡರು. ದ್ವಿಚಕ್ರ ವಾಹನಗಳ ಬ್ಯಾಟರಿಗಳಿಗೆ ಅನ್ವಯಿಸುವ ‘ಎ.ಐ.ಎಸ್. ೧೫೬’ ಎಂಬ ಮಾನಕವನ್ನು ಬಿಗಿಗೊಳಿಸಿ, ೨೦೨೨ರ ಡಿಸೆಂಬರಿನಿಂದ ಒಂದು ಹಂತ, ೨೦೨೩ರ ಮಾರ್ಚಿಯ ಕೊನೆಯಿಂದ ಇನ್ನೊಂದು ಹಂತ ಎಂದು ಜಾರಿಗೆ ತಂದರು. ಕೋಶಗಳ ನಡುವೆ ಸಾಕಷ್ಟು ಅಂತರ, ಕಾವನ್ನು ಅಳೆದು ವಿದ್ಯುತ್ತನ್ನು ತಡೆಯುವ ಉಪಕರಣ, ಎಚ್ಚರಿಕೆಯ ಸದ್ದು, ಬೇಕೆಂದೇ ಒಂದು ಕೋಶವನ್ನು ಕೆಡಿಸಿದರೂ ಇಡೀ ಗಂಟು ಹೊತ್ತಿಕೊಳ್ಳಬಾರದೆಂಬ ಪರೀಕ್ಷೆ, ಇವೆಲ್ಲ ಅದರಲ್ಲಿ ಸೇರಿವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ಹೀಯಾಳಿಸಬಹುದು. ಆದರೆ ಬಾವಿಗಳ ಚರಿತ್ರೆಯನ್ನು ನೋಡಿದರೆ ಬಹುಪಾಲು ತೋಡಿದ್ದು ಹಾಗೆಯೇ. ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಉಗಿಯ ಬಾಯ್ಲರೊಂದು ಸಿಡಿದು ಹಲವರು ಸತ್ತ ಮೇಲೆ, ಮರುವರ್ಷ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಶಾಸನ ಬಂದಿತು. ೧೯೨೩ರಲ್ಲಿ ಅದು ಇಡೀ ದೇಶದ ಕಾಯಿದೆಯಾಯಿತು. ನೂರು ವರ್ಷ ಮೀರಿ ನಡೆದು ೨೦೨೫ರಲ್ಲಿ ಹೊಸ ಕಾಯಿದೆಗೆ ಎಡೆಮಾಡಿಕೊಟ್ಟಿತು. ಅಮೆರಿಕದ ಬ್ರಾಕ್ಟನ್ನಿನ ಪಾದರಕ್ಷೆಯ ಕಾರ್ಖಾನೆಯಲ್ಲಿ ೧೯೦೫ರಲ್ಲಿ ಬಾಯ್ಲರು ಸಿಡಿದು ೫೮ ಮಂದಿ ಸತ್ತ ಮೇಲೆಯೇ ಆ ರಾಜ್ಯ ೧೯೦೭ರಲ್ಲಿ ಬಾಯ್ಲರಿನ ಕಾನೂನು ಮಾಡಿತು. ಇಂದು ಬಾಯ್ಲರಿನ ಪಕ್ಕದಲ್ಲಿ ನಿಂತು ದುಡಿಯುವವನಿಗೆ ಆ ಸತ್ತವರ ನೆನಪಿಲ್ಲ. ಒಳ್ಳೆಯ ಕಾನೂನಿನ ಗುಣವೇ ಅದು: ತಾನು ಯಾರ ಸಾವಿನಿಂದ ಹುಟ್ಟಿತೆಂಬುದನ್ನು ಜನ ಮರೆತು ನಿಶ್ಚಿಂತೆಯಾಗಿರುವಂತೆ ಮಾಡುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ತಿಳಿದೂ ತಿಳಿದೂ ಅಗ್ಗದ ವಸ್ತುವನ್ನು ಕೊಂಡು ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವವನನ್ನು ತಡೆಯಲು ಸರ್ಕಾರಕ್ಕೇನು ಅಧಿಕಾರ? ೧೮೫೯ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಬರೆದ ಜಾನ್ ಸ್ಟುವರ್ಟ್ ಮಿಲ್ಲನ ವಾದದ ತಿರುಳು ಇದೇ: ಒಬ್ಬನನ್ನು ಅವನ ಒಳ್ಳೆಯದಕ್ಕಾಗಿ ಬಲವಂತಪಡಿಸಕೂಡದು, ಇತರರಿಗೆ ಕೇಡಾಗುವುದನ್ನು ತಪ್ಪಿಸಲು ಮಾತ್ರ ಬಲವನ್ನು ಬಳಸಬಹುದು. ಮಿಲ್ಲನ ತಕ್ಕಡಿಯಲ್ಲಿಯೇ ತೂಗೋಣ. ೨೦೨೨ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಕಟ್ಟಡವೊಂದರ ಕೆಳಭಾಗದಲ್ಲಿದ್ದ ವಿದ್ಯುತ್ ಸ್ಕೂಟರುಗಳ ಮಳಿಗೆಗೆ ಬೆಂಕಿ ಬಿದ್ದಿತು. ಸತ್ತವರು ಎಂಟು ಮಂದಿ, ಮೇಲಿನ ವಸತಿಗೃಹದಲ್ಲಿದ್ದವರು. ಸ್ಕೂಟರು ಕೊಳ್ಳಲೆಂದು ಬಂದವರಲ್ಲ. ೨೦೨೪ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನ ಡಾ. ರಾಜಕುಮಾರ್ ರಸ್ತೆಯ ಅಂಥದೇ ಒಂದು ಮಳಿಗೆಯ ಬೆಂಕಿಯಲ್ಲಿ ಅಲ್ಲಿ ದುಡಿಯುತ್ತಿದ್ದ ಇಪ್ಪತ್ತರ ಹೆಣ್ಣುಮಗಳು ತೀರಿಕೊಂಡಳು. ಇಂಥ ಬೆಂಕಿಗೆ ಮಾಲೀಕನ ಗುರುತಿಲ್ಲ. ಹೆಲ್ಮೆಟ್ ಹಾಕದವನ ತಲೆ ಒಡೆದರೆ ಅದು ಅವನ ತಲೆ ಎನ್ನಬಹುದೇನೋ. ಮೆಟ್ಟಿಲ ಕೆಳಗಿನ ಬ್ಯಾಟರಿಗೆ ಆ ಮಾತು ನಡೆಯದು. ಅಗ್ಗದ ಬೆಲೆಯ ಲಾಭ ಒಬ್ಬನಿಗೆ, ಅಪಾಯ ಹದಿನಾರು ಮನೆಗೆ. ಆ ವ್ಯಾಪಾರ ಕುದುರಿದಾಗ ಹದಿನಾರು ಮನೆಯವರನ್ನು ಯಾರೂ ಕೇಳಿರಲಿಲ್ಲ.

ಅಷ್ಟೇ ಅಲ್ಲ, ಆ ಹುಡುಗನನ್ನು ತಾನೆ ಯಾರು ಕೇಳಿದರು? ತಿಳಿದೂ ತಿಳಿದೂ ಕೊಂಡ ಎನ್ನುತ್ತೇವೆ. ಅವನು ತಿಳಿಯುವುದು ಹೇಗೆ? ತರಕಾರಿಯನ್ನು ಮುರಿದು ನೋಡಬಹುದು, ತೆಂಗಿನಕಾಯಿಯನ್ನು ಬಡಿದು ನೋಡಬಹುದು. ಮುಚ್ಚಿದ ಹೊದಿಕೆಯ ಒಳಗಿರುವ ಕೋಶ ಹೊಸದೋ, ಯಾವುದೋ ಹಳೆಯ ಬ್ಯಾಟರಿಯಿಂದ ಕಿತ್ತದ್ದೋ, ಕಾವನ್ನು ಕಾಯುವ ಉಪಕರಣ ಒಳಗುಂಟೋ ಇಲ್ಲವೋ, ಇದನ್ನು ವಿದ್ಯಾವಂತರಾದ ನಾವೂ ನೋಡಿ ಹೇಳಲಾರೆವು. ನಮ್ಮ ಅಡಿಗೆಮನೆಯ ಕುಕ್ಕರನ್ನೇ ತೆಗೆದುಕೊಳ್ಳಿ. ಅದರ ಸೇಫ್ಟಿ ವಾಲ್ವ್ ಎಷ್ಟು ಒತ್ತಡಕ್ಕೆ ಬಿಟ್ಟುಕೊಳ್ಳುತ್ತದೆಂದು ಬಲ್ಲ ಗೃಹಿಣಿಯರು ಎಷ್ಟು ಮಂದಿ? ಬಲ್ಲವರಾಗಬೇಕೆಂದು ಯಾರೂ ಹೇಳುವುದಿಲ್ಲ. ಅವರ ಪರವಾಗಿ ಬೇರೊಬ್ಬರು ಪರೀಕ್ಷಿಸಿ ಮುದ್ರೆಯೊತ್ತಿದ್ದಾರೆ, ೨೦೨೧ರಿಂದ ಐ.ಎಸ್.ಐ. ಮುದ್ರೆಯಿಲ್ಲದ ಕುಕ್ಕರನ್ನು ಮಾರುವಂತೆಯೇ ಇಲ್ಲ. ಮಾನಕವೆಂದರೆ ಇದೇ. ಕಾಣಲಾರದವರ ಪರವಾಗಿ ಕಾಣಬಲ್ಲವನು ಕೊಟ್ಟ ಮಾತು ಅದು. ಆ ಮಾತು ಇಲ್ಲದ ಕಡೆ ಕೊಳ್ಳುವವನ ‘ಆಯ್ಕೆ’ಗೆ ಅರ್ಥವಿಲ್ಲ. ಬೆಲೆಯ ಚೀಟಿಯೊಂದನ್ನು ಮಾತ್ರ ಓದಬಲ್ಲವನು ಬೆಲೆಯನ್ನು ನೋಡಿಯೇ ಕೊಳ್ಳುತ್ತಾನೆ.

ಹೀಗೆ ಎರಡು ಬಗೆಯಿಂದಲೂ ಕಾನೂನಿನ ಪಕ್ಷವೇ ಗೆಲ್ಲುತ್ತದೆ. ಬಡವನಿಗೆ ಅಗ್ಗವಾಗಲೆಂದು ಮಾನಕವನ್ನು ಸಡಿಲಿಸಬೇಕೆಂಬ ವಾದ ದಯೆಯಂತೆ ಕಂಡರೂ ದಯೆಯಲ್ಲ. ಬೆಂಕಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ನಮ್ಮ ಮೆಟ್ಟಿಲ ಕೆಳಗಿನ ಬ್ಯಾಟರಿ ಹೊತ್ತಿಕೊಂಡರೆ ಮೊದಲು ಸುಡುವುದು ನಾಲ್ಕನೆಯ ಮಹಡಿಯಲ್ಲ. ಅದರಿಂದ ಮಾರು ದೂರದಲ್ಲಿ ಮಲಗಿರುವ ಹುಡುಗನ ತಾಯಿ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಕೈಯೆತ್ತಿದ್ದು ಸರಿಯೆಂದು ನೆಮ್ಮದಿಯಿಂದ ಇರಬಹುದಾಗಿತ್ತು. ಆದರೆ ಹುಡುಗ ಕೇಳಿದ ಪ್ರಶ್ನೆ ಕಾನೂನು ಬೇಕೇ ಬೇಡವೇ ಎಂದಲ್ಲ. ‘ಇನ್ನೆಲ್ಲಿ ಹಾಕಲಿ’ ಎಂದು. ಇದೇ ಪ್ರಶ್ನೆಯನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಒಂದು ಊರುಂಟು. ಅದರ ಅನುಭವ ನಮಗೆ ಉಪಯುಕ್ತ.

ನ್ಯೂಯಾರ್ಕ್ ನಗರದಲ್ಲಿ ಊಟ ಮುಟ್ಟಿಸುವವರು ಅರವತ್ತು ಸಾವಿರಕ್ಕೂ ಹೆಚ್ಚು ಎಂದು ಆ ನಗರದವರೇ ಲೆಕ್ಕ ಹಾಕಿದ್ದಾರೆ. ಬಹುಪಾಲು ಹೊರದೇಶಗಳಿಂದ ಬಂದ ಬಡವರು. ಬ್ಯಾಟರಿ ಸೈಕಲ್ಲೇ ಅವರಲ್ಲಿ ಬಹಳ ಮಂದಿಯ ಜೀವನೋಪಾಯ. ಇಕ್ಕಟ್ಟಾದ ಮನೆಗಳಲ್ಲಿ, ಅಂಗಡಿಗಳ ಹಿಂಬದಿಯಲ್ಲಿ ರಾತ್ರಿಯೆಲ್ಲ ಬ್ಯಾಟರಿಗಳು ಚಾರ್ಜಾಗುತ್ತಿದ್ದವು. ಅಲ್ಲಿ ೨೦೨೨ರಲ್ಲಿ ಲಿಥಿಯಂ ಬ್ಯಾಟರಿಗಳಿಂದ ೨೨೦ ಬೆಂಕಿ ಅನಾಹುತಗಳಾಗಿ ೬ ಮಂದಿ ಸತ್ತರು. ೨೦೨೩ರಲ್ಲಿ ೨೬೮ ಬೆಂಕಿಗಳು, ೧೮ ಸಾವುಗಳು. ಆ ವರ್ಷದ ಮಾರ್ಚಿಯಲ್ಲಿ ನಗರಸಭೆಯ ಕಾನೂನಿಗೆ ಸಹಿ ಬಿದ್ದು, ಸೆಪ್ಟೆಂಬರ್ ೧೬ರಿಂದ ಜಾರಿಗೆ ಬಂದಿತು. ಗೊತ್ತಾದ ಮಾನಕದಂತೆ ಪರೀಕ್ಷೆಯಾಗದ ಸೈಕಲ್ಲು, ಸ್ಕೂಟರು, ಬ್ಯಾಟರಿಗಳನ್ನು ಮಾರುವುದೂ ಬಾಡಿಗೆಗೆ ಕೊಡುವುದೂ ನಿಷಿದ್ಧವಾಯಿತು. ಹಳೆಯ ಬ್ಯಾಟರಿಗಳಿಂದ ಕಿತ್ತ ಕೋಶಗಳನ್ನು ಸೇರಿಸಿ ಹೊಸದೆಂದು ಮಾರುವುದನ್ನು ತಡೆಯಲು ಬೇರೊಂದು ಕಾನೂನೇ ಬಂದಿತು.

ಇಲ್ಲಿ ಗಮನಿಸಬೇಕಾದದ್ದು, ನಿಷೇಧ ಬಿದ್ದುದು ಮಾರುವವನ ಮೇಲೆ, ಸವಾರನ ಮೇಲಲ್ಲ ಎಂಬುದು. ಅದು ನ್ಯಾಯವಾದ ದಾರಿ. ಆದರೂ ಸವಾರನ ಕೈಯಲ್ಲಿದ್ದ ಹಳೆಯ ಬ್ಯಾಟರಿ ಕಾನೂನಿನಿಂದ ಮಾಯವಾಗಲಿಲ್ಲ. ಹೊಸದನ್ನು ಕೊಳ್ಳುವ ಹಣವೂ ಅವನಿಗೆ ಕಾನೂನಿನಿಂದ ಬರಲಿಲ್ಲ. ೨೦೨೪ರಲ್ಲಿ ಬೆಂಕಿಗಳು ೨೭೭, ಕಡಿಮೆಯಾಗಲೇ ಇಲ್ಲ. ಸಾವುಗಳು ಮಾತ್ರ ೧೮ರಿಂದ ೬ಕ್ಕೆ ಇಳಿದವು. ಇದಕ್ಕೆ ಕಾನೂನೊಂದನ್ನೇ ಕಾರಣವೆನ್ನಲಾಗದು. ಅಗ್ನಿಶಾಮಕದವರು ಬೀದಿಬೀದಿಗೆ ಹೋಗಿ ತಿಳಿಹೇಳಿದ್ದು, ಅಂಗಡಿಗಳ ತಪಾಸಣೆ, ಮನೆಯ ಒಳಗಿನ ಬ್ಯಾಟರಿ ಹೊರಗೆ ಬಂದದ್ದು, ಇವೆಲ್ಲ ಸೇರಿವೆ. ೨೦೨೪ರಲ್ಲಿ ನಗರದವರು ಬಯಲಿನಲ್ಲಿ ಚಾರ್ಜಿಂಗ್ ಪೆಟ್ಟಿಗೆಗಳನ್ನು ನಿಲ್ಲಿಸಿ ನೂರು ಮಂದಿ ಸವಾರರಿಂದ ಪ್ರಯೋಗ ಮಾಡಿಸಿದರು. ೨೦೨೫ರಲ್ಲಿ ಹಳೆಯ ಗಾಡಿಯನ್ನು ಒಪ್ಪಿಸಿದ ಕೆಲವು ನೂರು ಮಂದಿಗೆ ಪರೀಕ್ಷೆಯಾದ ಗಾಡಿಯನ್ನು ಕೊಡುವ ಏರ್ಪಾಡಾಯಿತು. ಒಳ್ಳೆಯ ಕೆಲಸಗಳೇ. ಆದರೆ ನಿಷೇಧ ಎಲ್ಲರಿಗೂ ಒಮ್ಮೆಗೇ ಬಂದಿತು; ನೆರವು ತಡವಾಗಿ, ಕೆಲವರಿಗೆ ಬಂದಿತು. ಲೋಕದಲ್ಲಿ ಬಹಳ ಕಾನೂನುಗಳ ಕಥೆ ಹೀಗೆಯೇ.

ನಮ್ಮ ಸ್ಥಿತಿಯನ್ನು ನೋಡೋಣ. ನಮ್ಮ ಮಾನಕದ ಗಮನವೆಲ್ಲ ಗಾಡಿ ಹುಟ್ಟುವ ಹೊತ್ತಿನ ಮೇಲೆ. ಕಾರ್ಖಾನೆಯಿಂದ ಹೊರಟ ಗಾಡಿ ಎರಡು ಕೈ ದಾಟಿ, ಬ್ಯಾಟರಿ ಸತ್ತು, ಮೂಲೆಯ ಅಂಗಡಿಯಲ್ಲಿ ಮರುಹುಟ್ಟು ಪಡೆಯುವ ಹೊತ್ತಿಗೆ ಆ ಕಣ್ಣು ಮಂಜಾಗಿರುತ್ತದೆ. ಇನ್ನೂ ಒಂದು ವಿಶೇಷವುಂಟು. ಗಂಟೆಗೆ ೨೫ ಕಿಲೋಮೀಟರ್ ವೇಗವನ್ನು ಮುಟ್ಟದ, ೨೫೦ ವಾಟಿಗಿಂತ ಕಡಿಮೆ ಬಲದ, ಬ್ಯಾಟರಿ ಬಿಟ್ಟು ೬೦ ಕಿಲೋಗ್ರಾಮಿಗಿಂತ ಕಡಿಮೆ ತೂಕದ ಗಾಡಿಯನ್ನು ನಮ್ಮ ನಿಯಮಗಳು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಅದಕ್ಕೆ ನೋಂದಣಿ ಬೇಡ, ಸವಾರನಿಗೆ ಲೈಸೆನ್ಸು ಬೇಡ. ಬಡವನಿಗೆ ಅನುಕೂಲವಾದ ವಿನಾಯಿತಿಯೇ ಸರಿ; ನಮ್ಮ ಹುಡುಗನ ಗಾಡಿಯೂ ಆ ಜಾತಿಯದೇ. ಆದರೆ ನೋಂದಣಿ ಇಲ್ಲದ ಗಾಡಿಗೆ ವಿಳಾಸವೂ ಇಲ್ಲ. ನಾಳೆ ಯಾವುದೋ ತಂಡದ ಬ್ಯಾಟರಿಯಲ್ಲಿ ದೋಷವಿದೆಯೆಂದು ತಿಳಿದುಬಂದರೆ, ಹಿಂದಕ್ಕೆ ತನ್ನಿರೆಂದು ಯಾರಿಗೆ ಕಾಗದ ಬರೆಯುವುದು? ಕಾನೂನಿನ ಹೊರೆಯಿಂದ ಪಾರಾದವನು ಕಾನೂನಿನ ನೆರಳಿನಿಂದಲೂ ಹೊರಗೆ ಬಿದ್ದಿದ್ದಾನೆ.

ಹಾಗಾದರೆ ನ್ಯಾಯವಾದ ಶಾಸನ ಯಾವುದು? ಅಪಾಯವನ್ನು ತಡೆಯುವ ಖರ್ಚನ್ನು ಯಾರು ಹೊರಬೇಕು ಎಂಬುದನ್ನೂ ಹೇಳುವ ಶಾಸನ ಎಂದು ನನ್ನ ಅಭಿಪ್ರಾಯ. ಬ್ಯಾಟರಿಯ ಒಳಗನ್ನು ಬಲ್ಲವನು ಅದನ್ನು ಕಟ್ಟಿದವನು. ಮೊದಲ ಹೊಣೆ ಅವನದು, ಸಣ್ಣ ಅಂಗಡಿಯವನಾದರೂ ಸರಿಯೆ. ಎರಡನೆಯ ಹೊಣೆ, ಆ ಗಾಡಿಯ ಓಟದಿಂದ ವ್ಯಾಪಾರ ನಡೆಸುವ ಸಂಸ್ಥೆಗಳದು. ಸವಾರ ನಮ್ಮ ನೌಕರನಲ್ಲ, ಗಾಡಿ ಅವನದೇ ಎಂದು ಅವು ಕೈತೊಳೆದುಕೊಳ್ಳುತ್ತವೆ. ಕರ್ನಾಟಕ ೨೦೨೫ರಲ್ಲಿ ಇಂಥ ಕೆಲಸಗಾರರಿಗಾಗಿ ಕಾಯಿದೆ ಮಾಡಿ ಕಲ್ಯಾಣ ಮಂಡಲಿಯನ್ನು ಗೊತ್ತುಮಾಡಿದೆ. ಕೆಲಸಗಾರನಿಗೆ ಸಲ್ಲುವ ಹಣದ ಶೇಕಡ ೧ರಿಂದ ೫ರವರೆಗೆ ಸಂಸ್ಥೆಗಳಿಂದ ಶುಲ್ಕ ಪಡೆಯಲು ಅದರಲ್ಲಿ ಅವಕಾಶವಿದೆ. ಮುದ್ರೆಯಿಲ್ಲದ ಬ್ಯಾಟರಿಯನ್ನು ಒಪ್ಪಿಸಿ ಮುದ್ರೆಯುಳ್ಳದ್ದನ್ನು ಪಡೆಯಲು ಆ ನಿಧಿಯಿಂದ ನೆರವು ಕೊಟ್ಟರೆ, ಅದು ಕಲ್ಯಾಣವಲ್ಲದೆ ಮತ್ತೇನು? ಅಮೆರಿಕದಲ್ಲಿ ವಿದ್ಯುತ್ ಉಪಕರಣಗಳ ಪರೀಕ್ಷೆಗೆ ಹೆಸರಾದ ಪ್ರಯೋಗಾಲಯ ೧೮೯೪ರಲ್ಲಿ ತಲೆಯೆತ್ತಿದ್ದು ವಿಮಾ ಸಂಸ್ಥೆಗಳ ಬೆಂಬಲದಿಂದ. ಸುಟ್ಟ ಮನೆಗೆ ಹಣ ತೆರಬೇಕಾದವರಿಗೆ ಮನೆ ಸುಡದಿರಲೆಂಬ ಆಸೆ ಹೆಚ್ಚು. ಹೊಣೆಯನ್ನು ಎಲ್ಲಿಡುತ್ತೇವೆಯೋ ಅಲ್ಲಿ ಎಚ್ಚರ ಹುಟ್ಟುತ್ತದೆ.

ಮೂರನೆಯ ಹೊಣೆಗಾರ ಯಾರೆಂದು ಯೋಚಿಸಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಸಭೆ ನಡೆದ ಹಿಂದಿನ ರಾತ್ರಿ, ಮಳೆಯಲ್ಲಿ ಹೊರಗೆ ಹೋಗಲಾರದೆ, ನಮ್ಮ ಮನೆಗೆ ಊಟ ತರಿಸಿದ್ದೆವು. ಅರ್ಧ ಗಂಟೆಯಲ್ಲಿ ಬಿಸಿಬಿಸಿಯಾಗಿ ಬಂದಿತು. ತಂದವನು ಬೇರೆ ಯಾವನೋ ಹುಡುಗ. ಅವನ ಬ್ಯಾಟರಿ ಎಂಥದು, ಅದನ್ನು ಯಾರ ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕುತ್ತಾನೆ ಎಂದು ನಾನು ಕೇಳಲಿಲ್ಲ. ಊಟದ ದರದಲ್ಲಿ ಹತ್ತು ರೂಪಾಯಿ ಹೆಚ್ಚು ಕಂಡಿದ್ದರೆ ಬೇರೆ ಹೋಟೆಲು ಹುಡುಕುತ್ತಿದ್ದೆನೆಂಬುದೂ ನಿಜ. ಆ ಬ್ಯಾಟರಿ ಅಗ್ಗವಾಗಿರುವುದರಿಂದ ನನಗೂ ಲಾಭವಿದೆ. ಲಾಭದಲ್ಲಿ ಪಾಲುಗಾರನಾದವನು ಅಪಾಯದ ಮಾತು ಬಂದಾಗ ಬರಿಯ ನೆರೆಯವನಾಗಿ ಕೈಯೆತ್ತುವುದು ಪೂರ್ಣ ಪ್ರಾಮಾಣಿಕವಲ್ಲ.

ಮೊನ್ನೆ ಹುಡುಗನನ್ನು ಮತ್ತೆ ಕಂಡೆ. “ಏನಪ್ಪಾ, ಬ್ಯಾಟರಿಗೆ ಏನು ಮಾಡಿದೆ?” ಎಂದೆ. “ಗೆಳೆಯನ ರೂಮಲ್ಲಿ ಹಾಕ್ತೀನಿ ಸಾರ್. ಅಲ್ಲಿ ನಾಲ್ಕು ಜನ ಇದ್ದಾರೆ, ಎಲ್ಲಾರದೂ ಅಲ್ಲೇ ಚಾರ್ಜಾಗುತ್ತೆ” ಎಂದ. “ಎಷ್ಟನೇ ಮಹಡಿ?” “ಮೂರನೇದು ಸಾರ್. ಕೆಳಗೆಲ್ಲಾ ಮನೆಗಳೇ.”

ನಮ್ಮ ನಿರ್ಣಯದ ಫಲ ಇದು. ಒಂದಿದ್ದದ್ದು ಇನ್ನೊಂದೆಡೆ ಐದಾಗಿದೆ. ನಾವು ಬೆಂಕಿಯನ್ನು ತಡೆಯಲಿಲ್ಲ, ವಿಳಾಸ ಬದಲಿಸಿದೆವು. ಆ ಕಟ್ಟಡದಲ್ಲಿಯೂ ಮೇಲೆ ಮಕ್ಕಳು ಮಲಗಿರುತ್ತವೆ. ಅವರಿಗೆ ಸಂಘವಿಲ್ಲ, ಅಷ್ಟೆ.

ಮುಂದಿನ ಸಭೆಗೆ ನಾನು ಒಂದು ವಿಷಯವನ್ನು ಬರೆದುಕೊಟ್ಟಿದ್ದೇನೆ. ಕಾಂಪೌಂಡಿನ ಹಿಂಬದಿಯಲ್ಲಿ, ಮೆಟ್ಟಿಲಿನಿಂದ ದೂರವಾಗಿ, ತಗಡಿನ ಸೂರಿನ ಕೆಳಗೆ, ಬೇರೆಯೇ ಮೀಟರೂ ಎಂ.ಸಿ.ಬಿ.ಯೂ ಇರುವ ಒಂದು ಚಾರ್ಜಿಂಗ್ ಜಾಗ. ಮುದ್ರೆಯುಳ್ಳ ಬ್ಯಾಟರಿ ಕೊಳ್ಳಲು ಕಾವಲುಗಾರನ ಮಗನಿಗೆ ಸಂಘದಿಂದ ಬಡ್ಡಿಯಿಲ್ಲದ ಸಾಲ. ಅದು ಬರುವವರೆಗೆ ಈಗಿನದನ್ನು ಆ ಸೂರಿನಡಿಯಲ್ಲಿ, ಹಗಲು ಹೊತ್ತು, ಕಣ್ಣೆದುರಿಗೆ ಮಾತ್ರ ಹಾಕುವ ಕಟ್ಟಳೆ. ನಿಷೇಧವನ್ನು ತೆಗೆಯಬೇಕೆಂದು ನಾನು ಕೇಳಿಲ್ಲ. ಮೆಟ್ಟಿಲ ಕೆಳಗೆ ಬ್ಯಾಟರಿ ಇರಕೂಡದು. ಆ ಮಾತಿಗೆ ನನ್ನ ಕೈ ಈಗಲೂ ಮೇಲೆಯೇ. ಹದಿನಾರು ಮನೆಗೆ ಹಂಚಿದರೆ ತಲೆಗೆ ಬೀಳುವ ಖರ್ಚನ್ನು ಲೆಕ್ಕ ಹಾಕಿದೆ: ನಮ್ಮ ಮನೆಯವರು ಒಂದು ತಿಂಗಳಲ್ಲಿ ಹೊರಗಿನಿಂದ ಊಟ ತರಿಸುವುದಕ್ಕೆ ಕೊಡುವ ಹಣಕ್ಕಿಂತ ಕಡಿಮೆ.

ಕಾರ್ಯದರ್ಶಿಗಳು ಕಾಗದವನ್ನು ಓದಿ, “ಇದು ನಮ್ಮ ಸಂಘದ ಕೆಲಸವೇ ಅಂತ ಸಭೆಯಲ್ಲಿ ಕೇಳ್ತಾರೆ, ನೋಡಿ” ಎಂದರು. ಕೇಳಲಿ. ಅದೇ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿತ್ತು, ಕೈಯೆತ್ತುವುದಕ್ಕೆ ಮುಂಚೆ.